ಹಳೇ ವಾಚಿನ ಡಯಲ್ ಒರಿಜಿನಲ್ಲಾ, ಬಣ್ಣ ಹೊಡೆದದ್ದಾ? ಹಂತ ಹಂತವಾಗಿ ನೋಡುವ ರೀತಿ

ನನ್ನ ಫೋನಿಗೆ ಬರುವ ವಾಚಿನ ಫೋಟೋಗಳ ಕೆಳಗೆ ಪ್ರಶ್ನೆ ಒಂದೇ ಇರುತ್ತದೆ: "ಸರ, ಡಯಲ್ ಒರಿಜಿನಲ್ ಐತೇನ್ರಿ?" ಒಂದು ವಾಚು ಜಮಖಂಡಿಯ ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು. ಇನ್ನೊಂದು ಬೆಳಗಾವಿಯ ರಸ್ತೆ ಬದಿಯಲ್ಲಿ ಕಂಡದ್ದು. ಮತ್ತೊಂದಕ್ಕೆ ವಿಜಯಪುರದವರೊಬ್ಬರು ಆನ್‌ಲೈನಿನಲ್ಲಿ ದುಡ್ಡು ಕಳಿಸಿ, ಆಮೇಲೆ ಕೇಳುತ್ತಿದ್ದಾರೆ. ಬಣ್ಣ ಹೊಡೆದದ್ದು ಅಂದಾಗ ಬಹಳ ಜನರ ಉತ್ತರವೂ ಒಂದೇ: "ಲೂಪ್ ಹಚ್ಚಿ ನೋಡಿದ್ನಿರಿ, ಆದ್ರೂ ಗೊತ್ತಾಗ್ಲಿಲ್ಲ."

ಲೂಪ್, ಅಂದರೆ ಕಣ್ಣಿಗೆ ಹಚ್ಚಿ ನೋಡುವ ಸಣ್ಣ ಭೂತಗನ್ನಡಿ, ಹಚ್ಚಿದ್ದು ಸರಿ. ಯಾವುದನ್ನು ಮೊದಲು ನೋಡಬೇಕು ಅನ್ನುವುದರಲ್ಲೇ ಎಡವುತ್ತಾರೆ. ಎಲ್ಲರ ಕಣ್ಣೂ ಮೊದಲು ಬಣ್ಣದ ಮೇಲೆ ಹೋಗುತ್ತದೆ. ಹೊಳೆಯುತ್ತಿದ್ದರೆ "ಚಲೋ ಇಟ್ಟಾರ" ಅನ್ನುತ್ತಾರೆ. ಕಲೆ ಇದ್ದರೆ "ಹಳೇದೈತಿ, ಅಂದ್ರ ಒರಿಜಿನಲ್ಲೇ" ಅನ್ನುತ್ತಾರೆ. ಎರಡೂ ತಪ್ಪು. ಇಪ್ಪತ್ತು ವರ್ಷದ ಹಿಂದೆ ಬಣ್ಣ ಹೊಡೆದ ಡಯಲ್ ಮೇಲೂ ಈಗ ಕಲೆ ಬಿದ್ದಿರುತ್ತದೆ. ಡಬ್ಬಿಯಲ್ಲೇ ಮಲಗಿದ್ದ ಒರಿಜಿನಲ್ ಡಯಲ್ ಇವತ್ತಿಗೂ ಫಳಫಳ ಅನ್ನಬಹುದು.

ಕೇಸು, ಮಶಿನ್, ಮುಳ್ಳು, ಡಯಲ್ ಈ ನಾಲ್ಕೂ ಒಂದಕ್ಕೊಂದು ಒಪ್ಪುತ್ತವಾ ಅಂತ ನೋಡಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ ಇವೆ. ಹಂತ ಹಾರಿಸಬೇಡಿ. ಅದರಲ್ಲೂ ಮೊದಲನೆಯದನ್ನು.

ಮಾರುವವರು "ರೀಡಯಲ್" ಅನ್ನುವ ಒಂದೇ ಪದದಲ್ಲಿ ಮೂರು ಬೇರೆ ಸಂಗತಿ ಸೇರಿಸುತ್ತಾರೆ. ಹಳೇ ಡಯಲ್ ತಟ್ಟೆಯನ್ನೇ ಉಜ್ಜಿ, ಬಣ್ಣ ಹೊಡೆದು, ಅಕ್ಷರಗಳನ್ನು ಮತ್ತೆ ಅಚ್ಚು ಹಾಕಿದ್ದು ಒಂದು. ಹೊಸ ತಟ್ಟೆಯ ಮೇಲೆ ಹಳೇ ಹೆಸರು ಅಚ್ಚು ಹಾಕಿದ ನಕಲು ಇನ್ನೊಂದು. ಕಂಪನಿಯೇ ಸರ್ವಿಸ್ ಮಾಡುವಾಗ ಬದಲಿಸಿದ ಡಯಲ್ ಮೂರನೆಯದು. ಈ ಮೂರನೆಯದು ಮೋಸವಲ್ಲ, ಆದರೆ ವಾಚಿನ ಜೊತೆ ಹುಟ್ಟಿದ್ದೂ ಅಲ್ಲ. ಈ ಬರಹ ಮುಖ್ಯವಾಗಿ ಮೊದಲ ಎರಡನ್ನು ಹಿಡಿಯುವುದರ ಬಗ್ಗೆ.

## ಕೈಯಲ್ಲಿ ಏನೇನಿರಬೇಕು

10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಬೇಕು. ರಿಪೇರಿಯವರು ಕಣ್ಣಿಗೆ ಸಿಗಿಸಿಕೊಳ್ಳುವ ಐಗ್ಲಾಸ್ ಸಾಮಾನ್ಯವಾಗಿ ಮೂರ್ನಾಲ್ಕು ಪಟ್ಟಿನದು. ಸ್ಕ್ರೂ ಬಿಚ್ಚಲು ಅದು ಸಾಕು, ಅಕ್ಷರದ ಅಂಚು ನೋಡಲು ಸಾಲದು. ಹರಳು ನೋಡಲು ಅಕ್ಕಸಾಲಿಗರು ಇಟ್ಟುಕೊಳ್ಳುವ ಮಡಚುವ ಲೂಪ್ ಇದೆಯಲ್ಲ, ಅದನ್ನೇ ಕೊಳ್ಳಿ.

ಅದರ ಜೊತೆ ಒಂದು ಸಣ್ಣ ಎಲ್‌ಇಡಿ ಟಾರ್ಚ್, ನೋಟು ಪರೀಕ್ಷಿಸುವ ಯುವಿ ಟಾರ್ಚ್, ಮೆತ್ತನೆ ಬಟ್ಟೆ, ಫೋನು. ಇನ್ನೊಂದು ವಸ್ತು ಯಾರೂ ಒಯ್ಯುವುದಿಲ್ಲ: ಪಾರದರ್ಶಕ ಟೇಪ್. ಹಳೇ ವಾಚಿನ ಪ್ಲಾಸ್ಟಿಕ್ ಗ್ಲಾಸು ಗೀರು ಬಿದ್ದು ಮಂಜಾಗಿರುತ್ತದೆ. ಅದರ ಮೇಲೆ ಟೇಪ್ ತುಂಡೊಂದನ್ನು ಗುಳ್ಳೆ ಬರದಂತೆ ಒತ್ತಿ ಅಂಟಿಸಿ. ಗೀರುಗಳು ಅರ್ಧಕ್ಕರ್ಧ ಮಾಯವಾಗಿ ಒಳಗಿನದು ಕಾಣುತ್ತದೆ. ಗ್ಲಾಸು ಮಂಜಾಗಿರುವುದು ಮಾರುವವನಿಗೆ ಅನುಕೂಲ, ನಿಮಗಲ್ಲ.

ಬೆಳಕಿನ ವಿಷಯ. ಅಂಗಡಿಯ ಬಿಳಿ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಡಯಲೂ ಚೆನ್ನಾಗಿಯೇ ಕಾಣುತ್ತವೆ. "ಸ್ವಲ್ಪ ಬಾಗಲಕ್ಕ ಬಂದು ನೋಡ್ತೀನ್ರಿ" ಎಂದು ಹಗಲ ಬೆಳಕಿಗೆ ತನ್ನಿ. ಬೇಡ ಅಂದರೆ ಅದೂ ಒಂದು ಸೂಚನೆಯೇ.

## ಹಂತ 1: ವಾಚು ಮುಟ್ಟುವ ಮೊದಲು, ಅದು ಹೇಗಿರಬೇಕಿತ್ತು ಎಂದು ತಿಳಿಯಿರಿ

ಒರಿಜಿನಲ್ ಹೇಗಿತ್ತು ಅಂತ ಗೊತ್ತಿಲ್ಲದೆ ಲೂಪ್ ಹಿಡಿದರೆ ಏನೂ ಉಪಯೋಗವಿಲ್ಲ. ನೀವು ನೋಡುವುದು ಬರೀ ಅಕ್ಷರ ಮತ್ತು ಬಣ್ಣ. ಅವು ಸರಿಯೋ ತಪ್ಪೋ ಎಂದು ಯಾವುದಕ್ಕೆ ಹೋಲಿಸುತ್ತೀರಿ?

ನಮ್ಮ ಕಡೆ ಕೈಗೆ ಸಿಗುವ ಹೆಸರುಗಳು ಹೆಚ್ಚೇನಿಲ್ಲ. ಎಚ್‌ಎಂಟಿ ಎಲ್ಲ ಕಡೆ. ಬೆಳಗಾವಿಯಲ್ಲಿ ಮಿಲಿಟರಿಯಿಂದ ರಿಟೈರ್ ಆದವರ ಮನೆಗಳು ಜಾಸ್ತಿ, ಅಲ್ಲಿ ವೆಸ್ಟ್ ಎಂಡ್ ಸಿಗುತ್ತವೆ. ಆಮೇಲೆ ಫಾವ್ರ್ ಲೂಬಾ, ರೋಮರ್, ಸೀಕೊ 5, ಸಿಟಿಜನ್, ರಿಕೋ. ನೀವು ಕೊಳ್ಳಬೇಕೆಂದಿರುವ ಒಂದು ಮಾಡೆಲ್ ಹಿಡಿದುಕೊಂಡು ಅದರ ಕನಿಷ್ಠ ಎಂಟು ಹತ್ತು ಫೋಟೋ ಕೂಡಿಹಾಕಿ.

ಇಲ್ಲೇ ದೊಡ್ಡ ಗುಂಡಿ ಇದೆ. ಆನ್‌ಲೈನಿನಲ್ಲಿ "ಎಚ್‌ಎಂಟಿ ಪೈಲಟ್" ಅಂತ ಹುಡುಕಿದರೆ ಮೊದಲು ಬರುವುದು ಮಾರಾಟಕ್ಕಿಟ್ಟ ವಾಚುಗಳ ಫೋಟೋ. ಅವುಗಳಲ್ಲಿ ಬಣ್ಣ ಹೊಡೆದವೇ ತುಂಬಿರುತ್ತವೆ. ರೀಡಯಲ್ ಅನ್ನು ಇನ್ನೊಂದು ರೀಡಯಲ್ ಜೊತೆ ಹೋಲಿಸಿ "ಸೇಮ್ ಐತಿ" ಅಂತ ಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಹಳೇ ಪತ್ರಿಕೆಯ ಜಾಹೀರಾತು, ಕಂಪನಿಯ ಹಳೇ ಕ್ಯಾಟಲಾಗ್, ಮತ್ತು ಹೊಸದರಲ್ಲಿ ಕೊಂಡು ಇವತ್ತಿನವರೆಗೂ ಒಂದೇ ಮನೆಯಲ್ಲಿರುವ ವಾಚು ಇವೇ ನಂಬಬಹುದಾದ ಮಾದರಿಗಳು. ಕೊನೆಯದು ಎಲ್ಲಕ್ಕಿಂತ ಒಳ್ಳೆಯದು. ಎಚ್‌ಎಂಟಿ ಆದರೆ ಅದು ಕಷ್ಟವೂ ಅಲ್ಲ. ನಿಮ್ಮ ಕಾಕಾ, ಮಾಮಾ, ಪಕ್ಕದ ಮನೆಯ ರಿಟೈರ್ಡ್ ಮಾಸ್ತರು, ಯಾರದ್ದಾದರೂ ಕಪಾಟಿನಲ್ಲಿ ಮದುವೆಯ ಎಚ್‌ಎಂಟಿ ಇದ್ದೇ ಇರುತ್ತದೆ. ಒಂದು ಚಹಾ ಕುಡಿದು ಫೋಟೋ ತೆಗೆದುಕೊಂಡು ಬನ್ನಿ.

ಮಾಡೆಲಿನ ಮೂಲ ಸಂಗತಿಗಳನ್ನೂ ಬರೆದಿಟ್ಟುಕೊಳ್ಳಿ. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ. ಜನತಾ, ಪೈಲಟ್ ಎರಡೂ ಚಾವಿ ಕೊಡುವ, 17 ಜ್ಯುವೆಲ್ಸ್ (ಮಶಿನಿನೊಳಗಿನ ಸಣ್ಣ ಹರಳುಗಳು) ವಾಚುಗಳು. ಕಾಂಚನ್ ಆಟೊಮ್ಯಾಟಿಕ್, ಅಂದರೆ ಕೈ ಅಲುಗಿದಂತೆ ತಾನೇ ಚಾವಿ ತುಂಬಿಕೊಳ್ಳುವುದು. ಇಷ್ಟು ಗೊತ್ತಿದ್ದರೂ ಎಷ್ಟೋ ಡಯಲ್‌ಗಳು ಎರಡನೇ ಹಂತದಲ್ಲೇ ಬಿದ್ದು ಹೋಗುತ್ತವೆ.

ಸೀಕೊ ಕೊಳ್ಳುವವರು ಬ್ಯಾಕ್ ಕವರ್ ಓದಲು ಕಲಿಯಲೇಬೇಕು. ಅಲ್ಲಿ ನಾಲ್ಕು ಅಂಕಿ, ಅಡ್ಡಗೆರೆ, ಮತ್ತೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ನಾಲ್ಕು ಮಶಿನಿನ ನಂಬರ್. ಉದಾಹರಣೆಗೆ 7009 ಅಥವಾ 6119. ನಂತರದ ನಾಲ್ಕು ಕೇಸಿನದು. ಪಕ್ಕದಲ್ಲಿರುವ ಸೀರಿಯಲ್ ನಂಬರಿನ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. 85 ಅಂತ ಶುರುವಾದರೆ 1978 ಅಥವಾ 1988ರ ಮೇ. ಯಾವ ದಶಕ ಅನ್ನುವುದನ್ನು ಮಾಡೆಲ್ ನೋಡಿ ತೀರ್ಮಾನಿಸಬೇಕು.

## ಹಂತ 2: ಬರಹ ಓದಿ, ವಾಚಿನ ಜೊತೆ ತಾಳೆ ನೋಡಿ

ಲೂಪ್ ಇನ್ನೂ ಜೇಬಿನಲ್ಲೇ ಇರಲಿ. ಡಯಲ್ ಮೇಲೆ ಏನೇನು ಬರೆದಿದೆ ಎಂದು ಮೇಲಿನಿಂದ ಕೆಳಗೆ ಸುಮ್ನೆ ಓದಿ.

ಮೊದಲು ಕಾಗುಣಿತ. ನಗಬೇಡಿ, "ಜ್ಯುವೆಲ್ಸ್" ಪದದ ಇಂಗ್ಲಿಷ್ ಅಕ್ಷರ ತಪ್ಪಾಗಿರುವ ಡಯಲ್ ನನ್ನ ಹತ್ತಿರವೇ ಇದೆ.

ಆಮೇಲೆ ಹೊಂದಿಕೆ. ಡಯಲ್ ಮೇಲೆ ಆಟೊಮ್ಯಾಟಿಕ್ ಅಂತಿದೆಯಾ? ವಾಚನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ವಾಲಿಸಿ. ಒಳಗೆ ತೂಕದ ತುಂಡು ತಿರುಗುವುದು ಕೈಗೆ ಗೊತ್ತಾಗಬೇಕು. ಏನೂ ತಿರುಗದೆ ಚಾವಿ ಮಾತ್ರ ಕಟಕಟ ಅಂದರೆ, ಡಯಲ್ ಒಂದು ವಾಚಿನದು, ಮಶಿನ್ ಇನ್ನೊಂದರದು. 21 ಜ್ಯುವೆಲ್ಸ್ ಅಂತ ಬರೆದು ಒಳಗೆ 17ರ ಮಶಿನ್ ಇರುವುದೂ ಸಾಮಾನ್ಯ. ಆದರೆ ಅದು ಕವರ್ ತೆಗೆದಾಗಲೇ ಗೊತ್ತಾಗುವುದು. ಈಗ ನೆನಪಿಟ್ಟುಕೊಳ್ಳಿ ಅಷ್ಟೇ.

ಈಗ 6ರ ಕೆಳಗಿನ ತೀರಾ ಅಂಚು ನೋಡಿ. ನನ್ನ ಅನುಭವದಲ್ಲಿ ಬಣ್ಣ ಹೊಡೆಯುವವರು ಸಿಕ್ಕಿಬೀಳುವುದು ಇಲ್ಲೇ ಹೆಚ್ಚು. ಫಾವ್ರ್ ಲೂಬಾ, ರೋಮರ್ ಥರದ ಸ್ವಿಸ್ ವಾಚಾದರೆ "ಸ್ವಿಸ್ ಮೇಡ್" ಅಥವಾ ಬರೀ "ಸ್ವಿಸ್" ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರಬೇಕು. ಒರಿಜಿನಲ್‌ನಲ್ಲಿ ಅದು ಎಷ್ಟು ಅಂಚಿಗಿರುತ್ತದೆ ಅಂದರೆ ಅರ್ಧ ಅಕ್ಷರ ಕೇಸಿನ ರಿಂಗಿನ ಕೆಳಗೆ ಮುಚ್ಚಿಹೋಗಿರಬಹುದು. ರೀಡಯಲ್‌ನಲ್ಲಿ ಆ ಬರಹ ಇರುವುದೇ ಇಲ್ಲ, ಇದ್ದರೂ ದಪ್ಪಗಿರುತ್ತದೆ, ಅಥವಾ ಎಲ್ಲರಿಗೂ ಕಾಣಲಿ ಅಂತ ಮೇಲೆ ಬಂದಿರುತ್ತದೆ. ತೀರಾ ಹಳೆಯ ಕೆಲವು ವಾಚುಗಳಲ್ಲಿ ಆ ಬರಹ ಇಲ್ಲದಿರಬಹುದು. ಹಾಗಾಗಿ ನಿಮ್ಮ ಮಾದರಿ ಫೋಟೋ ನೋಡಿಯೇ ತೀರ್ಪು ಕೊಡಿ.

"ಸ್ವಿಸ್" ಪದದ ಆಚೆ ಈಚೆ ಇಂಗ್ಲಿಷಿನ ಟಿ ಅಕ್ಷರ ಇದ್ದರೆ, ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ಟ್ರಿಟಿಯಂ ಅನ್ನುವ ವಿಕಿರಣ ವಸ್ತು ಇದೆ ಅಂತ ಅರ್ಥ. 1960ರ ದಶಕದಿಂದ 1990ರ ದಶಕದ ಕೊನೆಯವರೆಗೆ ಅದು ಬಳಕೆಯಲ್ಲಿತ್ತು. ಟಿ ಇದೆ, ಆದರೆ ಡಯಲ್ ಮೇಲಾಗಲಿ ಮುಳ್ಳಿನಲ್ಲಾಗಲಿ ಹೊಳೆಯುವ ಬಣ್ಣದ ಚುಕ್ಕೆಯೇ ಇಲ್ಲ ಅಂದರೆ, ಬೇರೆ ಯಾವುದೋ ಡಯಲ್ ನೋಡಿ ಅಚ್ಚು ಹಾಕಿದ್ದಾರೆ.

ಸೀಕೊದಲ್ಲಿ ಇದೇ ಜಾಗದಲ್ಲಿ ಕೂದಲೆಳೆಯಂಥ ಅಕ್ಷರದಲ್ಲಿ ಮಶಿನ್ ನಂಬರು ಮತ್ತು ಡಯಲ್ ನಂಬರು ಇರುತ್ತವೆ. ಸಾಮಾನ್ಯವಾಗಿ ಅದರ ಮೊದಲ ನಾಲ್ಕು ಅಂಕಿ ಬ್ಯಾಕ್ ಕವರಿನ ಮೊದಲ ನಾಲ್ಕು ಅಂಕಿಗೆ ಕೂಡಬೇಕು. ಕೂಡದಿದ್ದರೆ ಇಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಗಿಣಿ ಹಸಿರು, ಕಿತ್ತಳೆ, ನೇರಳೆ ಬಣ್ಣದ ಸೀಕೊ 5 ಬಹಳ ಸಿಗುತ್ತವಲ್ಲ, ಅವುಗಳಲ್ಲಿ ಎಷ್ಟೋ ಡಯಲ್‌ಗಳಿಗೆ ಈ ಸಾಲೇ ಇರುವುದಿಲ್ಲ.

## ಹಂತ 3: ಅಚ್ಚು ನೋಡಿ (ಹೆಚ್ಚು ಸಮಯ ಇಲ್ಲೇ ಕಳೆಯಿರಿ)

ಈಗ ಲೂಪ್ ತೆಗೆಯಿರಿ. ಇಳಕಲ್ ಸೀರೆ ಗೊತ್ತಿರುವ ನಮ್ಮ ಹೆಣ್ಣುಮಕ್ಕಳು ಅಂಗಡಿಯಲ್ಲಿ ಮೊದಲು ಬಣ್ಣ ನೋಡುವುದಿಲ್ಲ. ಒಡಲು ಮತ್ತು ಸೆರಗು ಸೇರುವ ಕೊಂಡಿ ನೋಡುತ್ತಾರೆ. ಡಯಲ್‌ಗೆ ಅಚ್ಚು ಹಾಗೇ. ಬಣ್ಣ ಯಾರು ಬೇಕಾದರೂ ಹೊಡೆಯಬಹುದು, ಅಚ್ಚಿನಲ್ಲೇ ಕೈ ಗೊತ್ತಾಗುವುದು.

ಫ್ಯಾಕ್ಟರಿಯಲ್ಲಿ ಅಕ್ಷರಗಳನ್ನು ಸಣ್ಣಗೆ ಕೆತ್ತಿದ ಲೋಹದ ಪ್ಲೇಟಿಗೆ ಮಸಿ ತುಂಬುತ್ತಾರೆ. ಮೆತ್ತನೆಯ ಒಂದು ಪ್ಯಾಡು ಆ ಮಸಿಯನ್ನು ಎತ್ತಿಕೊಂಡು ಡಯಲ್ ಮೇಲೆ ಒತ್ತುತ್ತದೆ. ಹಾಗಾಗಿ ಅಕ್ಷರ ಡಯಲ್ ಮೇಲೆ ಸ್ವಲ್ಪ ಉಬ್ಬಿ ಕೂತಿರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಲೂಪಿನಲ್ಲಿ ನೋಡಿ. ಅಕ್ಷರಕ್ಕೆ ಒಂದು ಸಣ್ಣ ನೆರಳು ಕಾಣುತ್ತದೆ. ಅಂಚು ಚೂಪಾಗಿರುತ್ತದೆ. ಒಂದೇ ಗೆರೆ ಶುರುವಿನಿಂದ ಕೊನೆಯವರೆಗೆ ಒಂದೇ ದಪ್ಪ.

ಇವನ್ನು ಒಂದೊಂದಾಗಿ ನೋಡಿ:

1. ಅಕ್ಷರದ ಒಳಗಿನ ಖಾಲಿ ಜಾಗ. ಇಂಗ್ಲಿಷಿನ ಎ, ಇ, ಆರ್ ಅಕ್ಷರಗಳ ಹೊಟ್ಟೆ ಖಾಲಿ ಇರಬೇಕು. ಮಸಿ ತುಂಬಿ ಮುಚ್ಚಿಹೋಗಿದ್ದರೆ ಅಚ್ಚು ಒರಟು.

2. ಅಕ್ಷರದ ತುದಿ. ಒರಿಜಿನಲ್‌ನಲ್ಲಿ ಮೂಲೆಗಳು ಕತ್ತರಿಸಿದಂತಿರುತ್ತವೆ. ರೀಡಯಲ್‌ನಲ್ಲಿ ಉಗುರು ಸವೆದಂತೆ ದುಂಡಗಾಗಿರುತ್ತವೆ. ಎಚ್‌ಎಂಟಿ ಡಯಲ್ ಮೇಲೆ ದೇವನಾಗರಿಯಲ್ಲಿ "ಜನತಾ" ಅಂತಿದ್ದರೆ ಮೇಲಿನ ತಲೆಗೆರೆಯನ್ನು ನೋಡಿ. ಅದು ಅಲುಗದೆ ನೇರವಾಗಿ ಹೋಗಬೇಕು. ಹಾವಿನಂತೆ ಸಣ್ಣಗೆ ಓಲಾಡಿದರೆ ಅನುಮಾನ ಪಡಿ.

3. ಚುಕ್ಕೆಗಳು. ಲೂಪಿನಲ್ಲಿ ಅಕ್ಷರ ಒಡೆದು ಬಣ್ಣ ಬಣ್ಣದ ಸಣ್ಣ ಚುಕ್ಕೆಗಳಾಗಿ ಕಂಡರೆ, ಪೇಪರಿನಲ್ಲಿ ಬರುವ ಫೋಟೋ ಹತ್ತಿರದಿಂದ ನೋಡಿದಂತೆ, ಅದು ಕಂಪ್ಯೂಟರ್ ಪ್ರಿಂಟರಿನ ಕೆಲಸ. ಮುಂದೆ ನೋಡುವುದೇ ಬೇಡ. ವಾಚು ವಾಪಸ್ ಕೊಡಿ.

4. ಬಣ್ಣದ ಕೆಳಗೆ ಏನಿದೆ. ಇದು ನನಗೆ ಎಲ್ಲಕ್ಕಿಂತ ಇಷ್ಟದ ಪರೀಕ್ಷೆ. ಹಳೇ ಡಯಲ್‌ನಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳಿರುತ್ತವೆ. ಒರಿಜಿನಲ್ ಆದರೆ ಗುಳಿ ಬಿದ್ದಲ್ಲಿ ಬಣ್ಣವೂ, ಅದರ ಮೇಲಿನ ಅಕ್ಷರವೂ ಹೋಗಿರುತ್ತದೆ. ಗುಳಿ ಕಾಣುತ್ತಿದೆ, ಆದರೆ ಬಣ್ಣ ಅದರ ಒಳಗೂ ನುಣ್ಣಗೆ ಇಳಿದಿದೆ, ಮೇಲೆ ಅಕ್ಷರ ಅಖಂಡವಾಗಿ ದಾಟಿ ಹೋಗಿದೆ ಅಂದರೆ, ಗುಳಿ ಮೊದಲು, ಬಣ್ಣ ಆಮೇಲೆ. ಬಣ್ಣದ ಒಳಗೆ ಧೂಳಿನ ಕಣ ಸಿಕ್ಕಿಕೊಂಡಿರುವುದೂ ಇದೇ ಕಥೆ ಹೇಳುತ್ತದೆ.

5. ಹಳೇ ಕಪ್ಪು ಡಯಲ್‌ಗಳ ಬಂಗಾರದ ಅಕ್ಷರ. ಇವುಗಳಲ್ಲಿ ಕೆಲವು ಮಸಿಯ ಅಕ್ಷರಗಳಲ್ಲ. ಕಪ್ಪು ಪದರದ ನಡುವೆ ಬಿಟ್ಟ ಜಾಗದಲ್ಲಿ ಕೆಳಗಿನ ಹಿತ್ತಾಳೆಯೇ ಕಾಣುತ್ತಿರುತ್ತದೆ. ಲೂಪಿನಲ್ಲಿ ಅಕ್ಷರ ಕಪ್ಪಿಗಿಂತ ತಗ್ಗಿನಲ್ಲಿ ಇದ್ದಂತೆ ಕಾಣಬೇಕು. ನಿಮ್ಮ ಮಾಡೆಲಿನ ಒರಿಜಿನಲ್ ಹಾಗಿದ್ದು, ಕೈಯಲ್ಲಿರುವುದರ ಮೇಲೆ ಬಂಗಾರ ಬಣ್ಣದ ಮಸಿ ಉಬ್ಬಿ ಕೂತಿದ್ದರೆ ಮತ್ತೆ ಹೊಡೆದದ್ದು.

ಈ ಹಂತದಲ್ಲಿ ಜನ ಮಾಡುವ ತಪ್ಪು ಇನ್ನೊಂದಿದೆ. ಒಂದು ಚುಕ್ಕೆ ಸೊಟ್ಟಗಿದ್ದರೆ ಸಾಕು, "ಡುಪ್ಲಿಕೇಟ್" ಅಂತ ಕೂಗುತ್ತಾರೆ. ಸಾಮಾನ್ಯ ಜನರಿಗಾಗಿ ಲಕ್ಷಗಟ್ಟಲೆ ಮಾಡಿದ ವಾಚಿನಲ್ಲಿ ಫ್ಯಾಕ್ಟರಿಯ ಅಚ್ಚೂ ಒಮ್ಮೊಮ್ಮೆ ತುಸು ಸರಿದಿರುತ್ತದೆ. ಮಸಿ ಸರಿದಿರುವುದು ಬೇರೆ, ಮಸಿ ಹರಡಿರುವುದು ಬೇರೆ.

## ಹಂತ 4: ಗೆರೆ, ಗುರುತು, ಅಂಚು

ವಾಚನ್ನು ಮೇಜಿನ ಮೇಲಿಟ್ಟು ನೆಟ್ಟಗೆ ಮೇಲಿನಿಂದ ಫೋಟೋ ತೆಗೆಯಿರಿ. ಫೋನಿನಲ್ಲೇ ಆ ಫೋಟೋದ ಮೇಲೆ 12ರಿಂದ 6ಕ್ಕೆ, 9ರಿಂದ 3ಕ್ಕೆ ಗೆರೆ ಎಳೆಯಿರಿ. ಎರಡೂ ಗೆರೆ ಮುಳ್ಳಿನ ನಡುವೆ ಕೂಡಬೇಕು. ಅಂಚಿನ ನಿಮಿಷದ ಚುಕ್ಕೆಗಳು ಗಂಟೆಯ ಗುರುತುಗಳ ನಡುಮಧ್ಯಕ್ಕೆ ಬರಬೇಕು. ಅಂಟಿಸಿದ ಲೋಹದ ಗುರುತುಗಳು ಮೊದಲಿನ ತೂತಿನಲ್ಲೇ ಇರುತ್ತವೆ, ನಿಮಿಷದ ಗೆರೆಗಳನ್ನು ಹೊಸದಾಗಿ ಅಚ್ಚು ಹಾಕುತ್ತಾರೆ. ಎರಡೂ ತಾಳೆ ಆಗದೆ ಸುತ್ತಲೂ ಒಂದೇ ಕಡೆಗೆ ತಿರುಗಿದಂತೆ ಕಾಣುವುದು ಅದರಿಂದಲೇ.

ಗುರುತುಗಳ ಬುಡ ನೋಡಿ. ಗುರುತು ಕೀಳದೆ ಮೇಲಿಂದಲೇ ಬಣ್ಣ ಅಥವಾ ವಾರ್ನಿಷ್ ಹೊಡೆದಿದ್ದರೆ, ಅದು ಬುಡದಲ್ಲಿ ಹರಿದು ಗಟ್ಟಿಯಾಗಿರುತ್ತದೆ. ತಟ್ಟೆಯಂಚಿಗೆ ತುಪ್ಪ ಹೆಪ್ಪುಗಟ್ಟಿದಂತೆ. ಗುರುತು ಕಿತ್ತು ಪಾಲಿಶ್ ಮಾಡಿ ಮತ್ತೆ ಹಾಕಿದ್ದರೆ ಅದರ ಕೋನಗಳು ಸವೆದು ಮೊಂಡಾಗಿರುತ್ತವೆ.

ನಡುವಿನಿಂದ ಕಿರಣ ಹೊರಟಂತೆ ಹೊಳೆಯುವ ಡಯಲ್ ಆದರೆ ಟಾರ್ಚ್ ಕೆಳಗೆ ವಾಚನ್ನು ಮೆಲ್ಲಗೆ ತಿರುಗಿಸಿ. ಬೆಳಕು ತಡೆಯಿಲ್ಲದೆ ಸುತ್ತಬೇಕು. ಲೂಪಿನಲ್ಲಿ ನಡುವಿನಿಂದ ಅಂಚಿಗೆ ಹೋಗುವ ತೆಳು ಗೆರೆಗಳ ಬದಲು ಮಿನುಗುವ ಪುಡಿಯ ಕಣಗಳು ಕಂಡರೆ ಅದು ಮೆಟಾಲಿಕ್ ಬಣ್ಣ. ಬೈಕಿನ ಟ್ಯಾಂಕಿಗೆ ಹೊಡೆಯುತ್ತಾರಲ್ಲ, ಆ ಜಾತಿ.

6ರ ಹತ್ತಿರ ಸೆಕೆಂಡ್ ಮುಳ್ಳಿಗೆ ಬೇರೆ ಪುಟ್ಟ ವೃತ್ತ ಇರುವ ಹಳೇ ವಾಚುಗಳಲ್ಲಿ ಆ ವೃತ್ತ ತುಸು ತಗ್ಗಿನಲ್ಲಿರುತ್ತದೆ. ಅದರೊಳಗೆ ಒಂದರೊಳಗೊಂದು ಸಣ್ಣ ಸುತ್ತುಗಳು ಕೆತ್ತಿರುತ್ತವೆ. ಬಣ್ಣ ಹೊಡೆದರೆ ಮೊದಲು ತುಂಬಿ ಮಾಯವಾಗುವುದು ಆ ಸುತ್ತುಗಳೇ. ತಾರೀಖಿನ ಕಿಟಕಿ ಇದ್ದರೆ ಅದರ ಅಂಚೂ ಹಾಗೇ. ಬಣ್ಣ ದಪ್ಪಗಾಗಿ ಕಿಟಕಿಯ ಮೂಲೆಗಳು ದುಂಡಗಾಗಿರುತ್ತವೆ.

ಕೊನೆಗೆ ಡಯಲ್ ಅಂಚಿನಲ್ಲಿ, 3 ಅಥವಾ 12ರ ಹತ್ತಿರ, ಅರದಿಂದ ತಿಕ್ಕಿದ ಸಣ್ಣ ಕಚ್ಚು ಇದೆಯಾ ನೋಡಿ. ಅಚ್ಚು ಹಾಕುವಾಗ ಡಯಲ್ ನೇರವಾಗಿ ಕೂರಲಿ ಅಂತ ಕೆಲವು ರಿಪೇಂಟ್ ಮಾಡುವವರು ಹೀಗೆ ಮಾಡುತ್ತಾರೆ. ಕೆಲವು ಫ್ಯಾಕ್ಟರಿ ಡಯಲ್‌ಗಳಿಗೂ ಕಚ್ಚು ಇರುತ್ತದೆ. ಆದರೆ ಅದು ಮಶಿನ್‌ನಲ್ಲಿ ಕತ್ತರಿಸಿದಷ್ಟು ಚೊಕ್ಕ. ಸಾಮಾನ್ಯವಾಗಿ ಕಚ್ಚು ಕೇಸಿನೊಳಗೆ ಮುಚ್ಚಿರುತ್ತದೆ, ಹಾಗಾಗಿ 7ನೇ ಹಂತದಲ್ಲಿ ಇನ್ನೊಮ್ಮೆ ನೋಡಿ.

## ಹಂತ 5: ಕತ್ತಲಲ್ಲಿ ಹೊಳೆಯುವ ಬಣ್ಣ ಮತ್ತು ಮುಳ್ಳು

ಮೊದಲು ಎಚ್ಚರಿಕೆ. 1960ರ ದಶಕದ ಮತ್ತು ಅದಕ್ಕೂ ಹಿಂದಿನ ವಾಚುಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು. ಅದರ ವಿಕಿರಣ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಈಗ ಹೊಳೆಯುತ್ತಿಲ್ಲ ಅಂದರೆ ಹೊಳಪು ಕೊಡುವ ಪುಡಿ ಸತ್ತಿದೆ ಅಷ್ಟೇ, ರೇಡಿಯಂ ಹಾಗೇ ಇದೆ. ಅಂಥ ವಾಚಿನ ಗ್ಲಾಸನ್ನು ನೀವೇ ತೆಗೆಯಬೇಡಿ. ಬಣ್ಣ ಕೆರೆಯಬೇಡಿ, ಬಾಯಿಂದ ಊದಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಈಗ ಪರೀಕ್ಷೆ. ಡಯಲ್ ಮೇಲಿನ ಹೊಳೆಯುವ ಚುಕ್ಕೆಗಳ ಬಣ್ಣ ಮತ್ತು ಮುಳ್ಳಿನಲ್ಲಿ ತುಂಬಿದ ಬಣ್ಣ ಹೆಚ್ಚು ಕಡಿಮೆ ಒಂದೇ ಥರ ಹಳದಿಯಾಗಿರಬೇಕು. ಎರಡೂ ಒಟ್ಟಿಗೆ ಮುದಿಯಾಗಿವೆ, ಅಲ್ವಾ? ಮುಳ್ಳು ಕಂದು, ಡಯಲ್ ಹಾಲಿನಷ್ಟು ಬಿಳಿ ಇದ್ದರೆ ಒಂದಂತೂ ಬದಲಾಗಿದೆ. ಎಚ್‌ಎಂಟಿ ಪೈಲಟ್‌ನಲ್ಲಿ ಇದನ್ನು ತಪ್ಪದೆ ನೋಡಿ.

ಕೋಣೆ ಕತ್ತಲು ಮಾಡಿ ಯುವಿ ಟಾರ್ಚ್ ಬಿಡಿ. ಟ್ರಿಟಿಯಂ 12 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಹಾಗಾಗಿ 40 ವರ್ಷದ ವಾಚು ತಾನಾಗಿ ಹೊಳೆಯುವುದಿಲ್ಲ. ಟಾರ್ಚ್ ಬಿಟ್ಟಾಗ ಮಂದವಾಗಿ ಹೊಳೆದು, ತೆಗೆದ ಕೂಡಲೇ ಆರಿ ಹೋಗುತ್ತದೆ. ಟಾರ್ಚ್ ತೆಗೆದ ಮೇಲೂ ನಿಮಿಷಗಟ್ಟಲೆ ಹಸಿರಾಗಿ ಉರಿಯುತ್ತಿದ್ದರೆ ಅದು ಈಚಿನ ಬಣ್ಣ. ಈಗಿನ ವಾಚುಗಳ ಸೂಪರ್ ಲ್ಯೂಮಿನೋವಾ 1990ರ ದಶಕದಲ್ಲಿ ಬಂದದ್ದು. 1970ರ ವಾಚಿನಲ್ಲಿ ಅದು ಹೇಗೆ ಬಂತು?

ಒರಿಜಿನಲ್ ಕಡೆ ವಾಲುವ ಒಂದು ಗುರುತೂ ಇದೆ. ರೇಡಿಯಂ ಮುಳ್ಳುಗಳು ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದರೆ ಅದರ ಕೆಳಗೆ ಡಯಲ್ ಮೇಲೆ ಕಂದು ನೆರಳು ಸುಟ್ಟಂತೆ ಬಿದ್ದಿರುತ್ತದೆ. ನೋಡಲು ಚಂದವಿಲ್ಲ. ಆದರೆ ನಾನು ಅಂಥ ಡಯಲ್ ಕಂಡರೆ ಖುಷಿ ಪಡುತ್ತೇನೆ.

## ಹಂತ 6: ಕಲೆ ಎಲ್ಲಿಂದ ಬಂತು

ಬಣ್ಣ, ಕಲೆ ನೋಡುವ ಸರದಿ ಈಗ. ಇದನ್ನು ಮೊದಲೇ ನೋಡಿದ್ದರೆ ಮನಸ್ಸು ಅಲ್ಲೇ ತೀರ್ಮಾನಿಸಿಬಿಡುತ್ತಿತ್ತು.

ನೀರಿನ ಪಸೆ ವಾಚಿನೊಳಗೆ ಹೋಗುವುದು ಹೆಚ್ಚಾಗಿ ಚಾವಿಯ ಕಡೆಯಿಂದ ಮತ್ತು ಗ್ಲಾಸಿನ ಅಂಚಿನಿಂದ. ಹಾಗಾಗಿ ಸಹಜ ಕಲೆ 3ರ ಕಡೆ ಅಥವಾ ಅಂಚಿನಿಂದ ಶುರುವಾಗಿ ಒಳಕ್ಕೆ ಹರಡುತ್ತದೆ. ಆಕಾರ ಅಡ್ಡಾದಿಡ್ಡಿ. ಬೆಳಗಾವಿಯ ಮಳೆಗಾಲ ಕಂಡ ವಾಚಿನಲ್ಲಿ ಇಂಥ ಕಲೆ ಇರುವುದು ಸಹಜ. ವಿಜಯಪುರದ ಒಣ ಬಿಸಿಲಲ್ಲಿ ಕಪಾಟಿನಲ್ಲಿದ್ದದ್ದು ಇನ್ನೂ ಸ್ವಚ್ಛ ಇರಬಹುದು. ಮಾರುವವನು ಹೇಳುವ ಊರಿನ ಕಥೆಗೂ ಡಯಲ್‌ಗೂ ತಾಳೆ ನೋಡಿ.

ಡಯಲ್ ಹೊಸದರಂತಿದೆ, ಆದರೆ ಮುಳ್ಳಿಗೆ ತುಕ್ಕು, ಕೇಸಿನ ಒಳಗೆ ಹಸಿರು ಕಿಲುಬು ಅಂದರೆ ಡಯಲ್ ಒಂದೇ ಮಳೆಗೆ ಸಿಗದೆ ಉಳಿಯಿತಾ? ಇದು ಗಟ್ಟಿ ಸಾಕ್ಷಿ. ಇದರ ಉಲ್ಟಾ ಕೂಡ ಇದೆ. ಚಹಾ ಕಾಫಿಯಲ್ಲಿ ನೆನೆಸಿ, ಬಿಸಿ ಮಾಡಿ ಹಳೇದು ಮಾಡುವವರು ಇದ್ದಾರೆ. ಅಂಥ ಡಯಲ್‌ನಲ್ಲಿ ಹಳದಿ ಎಲ್ಲ ಕಡೆ ಸಮನಾಗಿರುತ್ತದೆ, ಅದರ ಮೇಲೆ ಅಚ್ಚು ಮಾತ್ರ ಕರ್ರಗೆ ತಾಜಾ ಇರುತ್ತದೆ.

## ಹಂತ 7: ಕವರ್ ತೆಗೆಸಿ, ಆದರೆ ನೀವೇ ತೆಗೆಯಬೇಡಿ

ಮಾರುವವನಿಗೆ ತೆಗೆಯಲು ಹೇಳಿ. ಇಲ್ಲವೇ ಪರಿಚಯದ ರಿಪೇರಿ ಅಂಗಡಿಗೆ ಒಟ್ಟಿಗೆ ಹೋಗಿ. ಚಾಕು ಹಾಕಿ ಮೀಟುವ ಸಾಹಸ ಬೇಡ.

ಮಶಿನ್ ಮೇಲಿನ ಹೆಸರು, ನಂಬರು, ಜ್ಯುವೆಲ್ಸ್ ಸಂಖ್ಯೆ ಓದಿ ಹಂತ 2ರ ಜೊತೆ ಕೂಡಿಸಿ. ಡಯಲ್‌ನ ಹಿಂಭಾಗಕ್ಕೆ ಎರಡು ಸಣ್ಣ ಕಾಲುಗಳಿರುತ್ತವೆ. ಅವು ಮಶಿನಿನ ತೂತಿಗೆ ಇಳಿದು, ಪಕ್ಕದ ಸಣ್ಣ ಸ್ಕ್ರೂಗಳಿಂದ ಬಿಗಿಯಾಗಿರಬೇಕು. ಡಯಲ್ ಮತ್ತು ಮಶಿನ್ ನಡುವೆ ಗೋಂದು ಅಥವಾ ಎರಡು ಕಡೆ ಅಂಟುವ ಟೇಪ್ ಕಂಡರೆ, ಕಾಲು ಮುರಿದಿವೆ, ಅಥವಾ ಆ ಡಯಲ್ ಈ ಮಶಿನಿನದೇ ಅಲ್ಲ.

ಬೆಲೆ ಜಾಸ್ತಿ ಇರುವ ವಾಚಾದರೆ ಮಾತ್ರ ಡಯಲ್ ಬಿಚ್ಚಿಸಿ ಹಿಂಭಾಗ ನೋಡಿ. ಒರಿಜಿನಲ್ ಬೆನ್ನು ಸಮನಾಗಿ ಮಂಕಾಗಿರುತ್ತದೆ, ಕೆಲವೊಮ್ಮೆ ಡಯಲ್ ಮಾಡಿದವರ ಮುದ್ರೆ ಇರುತ್ತದೆ. ಬಣ್ಣ ಹೊಡೆದದ್ದರ ಬೆನ್ನ ಮೇಲೆ ಉಜ್ಜಿದ ಗೀರು, ಅಂಚಿನಿಂದ ಹಿಂದಕ್ಕೆ ಹಾರಿದ ಬಣ್ಣದ ಹನಿ, ಮೊಳೆಯಿಂದ ಗೀಚಿದ ನಂಬರು ಕಾಣುತ್ತವೆ.

## ಹಂತ 8: ತೀರ್ಪು

ಎಲ್ಲ ಗುರುತಿಗೂ ಒಂದೇ ತೂಕ ಕೊಡಬೇಡಿ. ಪ್ರಿಂಟರಿನ ಚುಕ್ಕೆ, ಗುಳಿಯ ಮೇಲೆ ದಾಟಿದ ಅಕ್ಷರ, ಮಶಿನಿಗೆ ಕೂಡದ ಬರಹ ಇವುಗಳಲ್ಲಿ ಒಂದು ಸಿಕ್ಕರೂ ಸಾಕು, ಡಯಲ್ ಒರಿಜಿನಲ್ ಅಲ್ಲ. ಬದಲಾದ ಮುಳ್ಳು, ಹೊಸ ಹೊಳೆಯುವ ಬಣ್ಣ, ತುಸು ಸರಿದ ಅಚ್ಚು, ಅಂಚಿನ ಕಚ್ಚು ಇವು ಸಣ್ಣ ಗುರುತು. ಇಂಥವು ಮೂರು ಒಟ್ಟಿಗೆ ಬಂದರೆ ನಾನು ಕೊಳ್ಳುವುದಿಲ್ಲ.

ನಾನು ಮೋಸ ಹೋದದ್ದೂ ಹೀಗೆ ಲೆಕ್ಕ ಹಾಕದೆ. ನೀಲಿ ಡಯಲ್‌ನ ಒಂದು ಫಾವ್ರ್ ಲೂಬಾ ಸೀ ಕಿಂಗ್. ಒಬ್ಬ ವ್ಯಾಪಾರಿ ಕೈಗಿಟ್ಟು "ಫ್ಯಾಕ್ಟರಿ ಪೀಸ್ ಐತ್ರಿ ಅಣ್ಣಾರ, ಇಂಥಾದು ಮತ್ತ ಸಿಗಂಗಿಲ್ಲ" ಅಂದ. ನೀಲಿ ನೋಡಿ ಮರುಳಾದೆ. 6ರ ಕೆಳಗೆ ಒಂದಕ್ಷರವೂ ಇಲ್ಲ ಅನ್ನುವುದು ಕಂಡದ್ದು ಒಂದು ತಿಂಗಳ ಮೇಲೆ, ಮನೆಯಲ್ಲಿ ಬೆಲ್ಟ್ ಬದಲಿಸುವಾಗ. ಎರಡು ನಿಮಿಷದ ಎರಡನೇ ಹಂತ ಅಷ್ಟೇ ಸಾಕಿತ್ತು.

ಬಣ್ಣ ಹೊಡೆದದ್ದು ಅಂತ ಗೊತ್ತಾದರೆ ಜಗಳ ಬೇಡ. "ಡಯಲ್ ರಿಪೇಂಟ್ ಐತ್ರಿ, ಆ ರೇಟಿಗೆ ಕೊಡ್ರಿ" ಅಂದರೆ ಸಾಕು. ದಿನಾ ಕಟ್ಟಿಕೊಳ್ಳಲು ಅಂಥ ವಾಚೂ ನಡೆಯುತ್ತದೆ. ಒರಿಜಿನಲ್ ರೇಟು ಮಾತ್ರ ಕೊಡಬೇಡಿ.

## ಆನ್‌ಲೈನಿನಲ್ಲಿ ಕೊಳ್ಳುವವರು ಕೇಳಬೇಕಾದ ಫೋಟೋ

ನೆಟ್ಟಗೆ ಮೇಲಿನಿಂದ ಒಂದು. ಓರೆ ಬೆಳಕಿನಲ್ಲಿ ಒಂದು. 6ರ ಕೆಳಗಿನ ಅಂಚು ಮಾತ್ರ ತುಂಬುವಂತೆ ಹತ್ತಿರದಿಂದ ಒಂದು. ಕಂಪನಿ ಹೆಸರು ಹತ್ತಿರದಿಂದ ಒಂದು. ಬ್ಯಾಕ್ ಕವರಿನ ಹೊರಗೆ, ಒಳಗೆ, ಮತ್ತು ಮಶಿನ್. ಒಟ್ಟು ಏಳು. ದುಡ್ಡು ಕಳಿಸುವ ಮೊದಲು ಕೇಳಿ. "ನಾಳೆ ಕಳಸ್ತೀನ್ರಿ" ಅಂತ ಎರಡು ಸಲ ಅಂದವರನ್ನು ಬಿಟ್ಟುಬಿಡಿ.

## ಮನೆಯ ವಾಚನ್ನು ಸರ್ವಿಸ್‌ಗೆ ಕೊಡುವಾಗ

ಒರಿಜಿನಲ್ ಡಯಲ್ ಹಾಳಾಗುವುದು ಎಷ್ಟೋ ಸಲ ನಾವೇ ಕೊಟ್ಟ ಅಂಗಡಿಯಲ್ಲಿ. ರಿಪೇರಿಯವರು ಒಳ್ಳೇ ಮನಸ್ಸಿನಿಂದಲೇ "ಹೊಸಾದ್ರಂಗ ಮಾಡಿ ಕೊಟ್ಟೀನಿ" ಅನ್ನುತ್ತಾರೆ, ಅಷ್ಟರಲ್ಲಿ ಅಜ್ಜನ ವಾಚಿನ ಡಯಲ್ ಉಜ್ಜಿ ಆಗಿರುತ್ತದೆ. ಕೊಡುವ ಮೊದಲು ಡಯಲ್‌ನ ಸ್ಪಷ್ಟ ಫೋಟೋ ತೆಗೆದಿಟ್ಟುಕೊಳ್ಳಿ. ಕೊಡುವಾಗ ಬಾಯಿ ಬಿಟ್ಟು ಹೇಳಿ: "ಕಾಕಾ, ಮಶಿನ್ ಅಷ್ಟೇ ಸರ್ವಿಸ್ ಮಾಡ್ರಿ. ಡಯಲ್ ಒರೆಸೂದು ಸೈತ ಬ್ಯಾಡ." ಅದನ್ನೇ ಚೀಟಿಯ ಮೇಲೂ ಬರೆಸಿ.